ಬಾರದವರ ಹಾಜರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ಹತ್ತು ವರ್ಷಕ್ಕೊಮ್ಮೆ ಬಣ್ಣ ಹಚ್ಚಿಸಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ತಿಳಿಯದು. ನಾಲ್ಕು ದಿನದಿಂದ ನಮ್ಮ ಮನೆಯ ಸಾಮಾನೆಲ್ಲ ಅಂಗಳದಲ್ಲಿದೆ. ಕೆರೆದ ಸುಣ್ಣದ ವಾಸನೆ ಅನ್ನದಲ್ಲೂ ಬರುತ್ತದೆ. ನನ್ನ ಚಾಳೀಸು ಎರಡು ದಿನ ಕಾಣೆಯಾಗಿ ಕೊನೆಗೆ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಅದು ಅಲ್ಲಿಗೆ ಹೋದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ತಪ್ಪು ನನ್ನ ತಲೆಗೇ ಬರುವ ಸಂಭವವಿತ್ತು.

ಇವತ್ತು ಬೆಳಿಗ್ಗೆ ಬಣ್ಣದ ರಾಜೇಸಾಬ ಮುಂದಿನ ಗೋಡೆಗೆ ಬಂದ. ಕೈಯಲ್ಲಿ ಕೆರೆಯುವ ಪಟ್ಟಿ ಹಿಡಿದು ತಲಬಾಗಿಲ ಬಲಕ್ಕೆ ನಿಂತು, “ಮಾಸ್ತರ್ರ, ಈ ಕೆಂಪು ಗುರುತು ಕೆರದ ತಗೀಲೇನ್ರಿ?” ಎಂದ.

ಚಜ್ಜದ ಕೆಳಗೆ, ಎದೆಯ ಎತ್ತರದಲ್ಲಿ, ಅಂಗೈಯಗಲದ ಒಂದು ಇಂಟು ಗುರುತು ಅದು. ಗೋಡೆಗೆ ಬಳಿಯುತ್ತಾರಲ್ಲ, ಆ ಕೆಂಪು ಹುರಮಂಜಿನ ಹೆಂಟೆಯಿಂದ ಎಳೆದದ್ದು. ಬೇಡ ಎನ್ನುವ ಹಾಗೆ ನನ್ನ ಕೈ ತಾನೇ ಮೇಲೆದ್ದಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ, “ಅದನ್ನ ಮುಟ್ಟಬ್ಯಾಡಪಾ, ಅದು ನಮ್ಮವ್ರಿಗೆ ಸಿಕ್ಕ ಸರ್ಟಿಫಿಕೇಟ್ ಐತಿ” ಎಂದಳು. ಅವಳ ಮಾತು ಸುಳ್ಳಲ್ಲ. ಎಂಟು ವರ್ಷದಿಂದ ದಸರೆ ಬಂದಾಗಲೆಲ್ಲ ಗೋಡೆಗೆ ಸುಣ್ಣ ಬಳಿಯುವವಳು ಅವಳೇ. ಆ ಅಂಗೈಯಗಲವನ್ನು ಮಾತ್ರ ಬಿಟ್ಟು ಸುತ್ತ ಬಳಿಯುತ್ತಾಳೆ. ರಾಜೇಸಾಬ ನನ್ನತ್ತ ನೋಡಿದ, ನಿವೃತ್ತ ಮಾಸ್ತರರನ್ನು ಲೋಕ ನೋಡುವ ಆ ಕರುಣೆಯ ನೋಟದಲ್ಲಿ. ಚಹಾ ಕುಡಿ, ಹೇಳುತ್ತೇನೆ ಎಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವನಿಗೆ ಸಿಕ್ಕ ಚಹಾ ನಿಮಗೆ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಗುರುತು ಹಾಕಿದವರು ರತ್ನಮಾಲಾಬಾಯಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸರಕಾರಿ ನರ್ಸಾಗಿ ತಿರುಗಿದವರು. ಎಲ್ಲರ ಬಾಯಲ್ಲೂ ಬರೀ ‘ಬಾಯಾರು’. ಗಿಡ್ಡ ಆಳು, ಕಪ್ಪು ಮೈಬಣ್ಣ, ಬೇಸಿಗೆಯಲ್ಲೂ ಬಗಲಲ್ಲಿ ಕೊಡೆ. ನಡೆಯುವ ವೇಗ ಎಷ್ಟೆಂದರೆ, ಅವರ ಜೊತೆ ಮಾತನಾಡುತ್ತ ಹೋದವರಿಗೆ ಅರ್ಧ ಮಾತು ಅವರ ಬೆನ್ನಿಗೇ ಹೇಳಬೇಕಾಗುತ್ತಿತ್ತು. ನಿವೃತ್ತರಾದ ಮೇಲೆ ಕೆಲವು ಡಾಕ್ಟರರು, ಅಂಗಡಿಕಾರರು, ಪಿಂಚಣಿದಾರರನ್ನು ಕೂಡಿಸಿ, ಈ ಭಾಗದ ಹೆಣ್ಣುಮಕ್ಕಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು. ಬಿಟ್ಟ ಓದು ಮುಂದುವರಿಸುವುದು, ಕೆಲಸ ಕಲಿಸುವುದು, ದವಾಖಾನೆಗೆ ಜೊತೆಯಾಗಿ ಹೋಗುವುದು, ಇಂಥ ಕೆಲಸ. ಅಧ್ಯಕ್ಷರು ಅವರೇ. ಗೋಕಾಕದ ಬಸ್ ನಿಲ್ದಾಣದ ಹತ್ತಿರ ಒಂದು ಗೊಬ್ಬರದ ಅಂಗಡಿಯ ಹಿಂದಿನ ಕೋಣೆ ನಮ್ಮ ಆಫೀಸು. ಕುರ್ಚಿ ಎರಡೇ ಇದ್ದುದರಿಂದ, ಮಹಿಳೆಯರ ಏಳಿಗೆಯ ಎಷ್ಟೋ ಠರಾವುಗಳನ್ನು ನಾವು ಗೊಬ್ಬರದ ಚೀಲಗಳ ಮೇಲೆ ಕುಳಿತೇ ಪಾಸು ಮಾಡಿದ್ದೇವೆ.

ಅಲ್ಲಿಗೆ ನಾನು ಸೇರಿದ್ದು ಸಮಾಜಸೇವೆಯ ಹಂಬಲದಿಂದಲ್ಲ, ಅಕ್ಷರದ ಜಂಬದಿಂದ. ನನ್ನ ಅಕ್ಷರ ಚೆನ್ನಾಗಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದನ್ನು ನಿಲ್ಲಿಸಿ ಬಹಳ ದಿನವಾಯಿತು. ಹಿಂದೊಮ್ಮೆ ತಪಾಸಣೆಗೆ ಬಂದ ಸಾಹೇಬರು ನಮ್ಮ ಶಾಲೆಯ ಹಾಜರಿ ಪುಸ್ತಕ ನೋಡಿ, ‘ಮುಖ್ಯಾಧ್ಯಾಪಕರ ಅಕ್ಷರಗಳು ಮುತ್ತು ಪೋಣಿಸಿದಂತಿವೆ, ಹಾಜರಿಯೂ ಉತ್ತಮ’ ಎಂದು ಷರಾ ಬರೆದಿದ್ದರು. ಆ ಷರಾದ ನಕಲು ನನ್ನ ಟ್ರಂಕಿನಲ್ಲಿ ಇನ್ನೂ ಇದೆ. ಬ್ಯಾಂಕಿನಲ್ಲಿ ಪಿಂಚಣಿಯ ಪಾಳಿಗೆ ನಿಂತಾಗ ನನ್ನ ಚೀಟಿಯ ಅಕ್ಷರವನ್ನು ಬಾಯಾರು ಹಿಂದಿನಿಂದ ಇಣುಕಿ ನೋಡಿದರು. ನಮ್ಮಲ್ಲಿ ಹಾಜರಿ ಬರೆಯುವವರು ಬೇಕಾಗಿದ್ದಾರೆ, ಬರುತ್ತೀರಾ ಎಂದರು. ನಾಳೆಯಿಂದಲೇ ಎಂದೆ.

ಮೊದಲ ಸಭೆ ಕೌಜಲಗಿಯಲ್ಲಿ, ಒಂದು ಗುಡಿಯ ಪೌಳಿಯಲ್ಲಿ. ನಾನು ಹೊಸ ರಿಜಿಸ್ಟರು ಕೊಂಡು, ಕೆಂಪು ಗೆರೆ ಹಾಕಿ, ಬಂದ ನಲವತ್ತು ಚಿಲ್ಲರೆ ಹೆಣ್ಣುಮಕ್ಕಳ ಹೆಸರನ್ನು ಒಂದೊಂದಾಗಿ ಪೋಣಿಸಿ ಬಾಯಾರ ಮುಂದೆ ಹಿಡಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ಓದಿದರು.

“ಭಾಳ ಚೆಂದ ಬರದೀರಿ, ಮಾಸ್ತರ್ರ. ಇನ್ನ ಬರಲಾರದವ್ರ ಹಾಜರಿ ಬರ್ಕೋರಿ.”

ನಾನು ಮೂವತ್ತಮೂರು ವರ್ಷ ಹಾಜರಿ ಕರೆದವನು. ಬಾರದವರ ಮುಂದೆ ಒಂದು ಗೀಟು ಎಳೆದು ಮುಂದೆ ಹೋಗುವುದಷ್ಟೇ ನನಗೆ ಗೊತ್ತು. ಪೆನ್ನು ಹಿಡಿದು ಪಿಳಿಪಿಳಿ ನೋಡಿದೆ. ಬಾಯಾರು ಕುಳಿತವರ ಕಡೆ ತಿರುಗಿ, ನಿಮ್ಮ ಬಾಜೂ ಮನೆಯವರು ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಹೇಳಿರಿ ಎಂದರು. ಒಬ್ಬಳು ಒಂದು ಹೆಸರು ಹೇಳಿದಳು, ಇನ್ನೊಬ್ಬಳು ಎರಡು. ಹದಿನೈದು ನಿಮಿಷದಲ್ಲಿ ಬಾರದವರ ಪಟ್ಟಿ ಬಂದವರ ಪಟ್ಟಿಗಿಂತ ಉದ್ದವಾಯಿತು. ಅಂದಿನಿಂದ ನಮ್ಮದು ಎರಡು ಪುಸ್ತಕ. ಬಂದವರದು ತೆಳ್ಳಗಿನದು, ಬಾರದವರದು ದಪ್ಪ. ಹೆಸರು, ಓಣಿ, ಬಾರದ ಕಾರಣ, ಹೀಗೆ ಮೂರು ಅಂಕಣ.

ಇದೆಂಥ ಪದ್ಧತಿ ಎಂದು ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ. ಪೋಲಿಯೋ ಹನಿ ಹಾಕುವ ಕೆಲಸದಲ್ಲಿ ಕಲಿತದ್ದು ಎಂದರು. ಮನೆ ಮನೆಗೆ ಹೋಗಿ ಕೂಸುಗಳಿಗೆ ಹನಿ ಹಾಕಿದ ಮೇಲೆ ಬಾಗಿಲ ಬದಿಗೆ ‘ಪಿ’ ಎಂದು ಬರೆಯುತ್ತಾರೆ. ಕೂಸು ಊರಲ್ಲಿ ಇಲ್ಲದಿದ್ದರೆ, ಮನೆಯವರು ಒಲ್ಲೆ ಎಂದರೆ, ಬಾಗಿಲಿಗೆ ಇಂಟು ಗುರುತು. ಇಂಟು ಬಿದ್ದ ಮನೆಗೆ ಮತ್ತೆ ಮತ್ತೆ ಹೋಗಬೇಕು. ಒಳಗೆ ಹೋಗಿ ಹನಿ ಹಾಕಿ ಬಂದ ಮೇಲೆಯೇ ಇಂಟು ಹೋಗಿ ‘ಪಿ’ ಆಗುವುದು.

“ಹನಿ ಕುಡದ ಕೂಸಿನ ಚಿಂತಿ ನನಗ ಇರತಿರಲಿಲ್ರಿ” ಎಂದರು. “ಊರ ತುಂಬ ಹಾಕಿ ಒಂದು ಕೂಸು ಬಿಟ್ರ, ರೋಗ ಆ ಒಂದನ್ನ ಹುಡಿಕ್ಕೊಂಡು ಬರತೈತಿ.”

ಬಾರದವರ ಪುಸ್ತಕದ ಮೂರನೆಯ ಅಂಕಣ ಬರೆಯುತ್ತ ಹೋದಂತೆ ನನ್ನ ಜಂಬ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಹನ್ನೊಂದು ಗಂಟೆಯ ಸಭೆಗೆ ಅರಿಷಿಣದ ಹೊಲಕ್ಕೆ ಕೂಲಿ ಹೋದವರು ಬರುವುದು ಹೇಗೆ? ನಳದ ನೀರು ಹತ್ತಕ್ಕೆ ಬಿಡುವ ಓಣಿಯವರು ಕೊಡ ಬಿಟ್ಟು ಬರುವುದು ಹೇಗೆ? ಗುಡಿಯ ಪೌಳಿಯಲ್ಲಿ ಸಭೆ ಇಟ್ಟರೆ, ಆ ಮೆಟ್ಟಿಲನ್ನು ತಲೆಮಾರುಗಳಿಂದ ಹತ್ತದ ಓಣಿಯವರು ಯಾವ ಧೈರ್ಯದ ಮೇಲೆ ಬಂದಾರು? ಸೊಸೆಯನ್ನು ಕರೆದರೆ ಅತ್ತೆ ಬಂದು ಕೂತಿರುತ್ತಿದ್ದಳು, ಅವಳ ಪರವಾಗಿ ನಾನು ಬಂದಿದ್ದೇನಲ್ಲ ಎಂದು. ಒಬ್ಬಳ ಕಾರಣ, ಹೊರಗೆ ಉಡುವ ಒಂದೇ ಸೀರೆ ಅವತ್ತು ಒಗೆದು ಹಾಕಿದ್ದಳು. ಕಾರಣ ತಿಳಿದ ಮೇಲೆ ಬಾಯಾರು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಸಭೆಯನ್ನೇ ಎತ್ತಿ ಬೇರೆ ಕಡೆ ಇಡುತ್ತಿದ್ದರು. ಹೊಲದ ಬದುವಿನ ಮೇಲೆ, ನಳದ ಕಟ್ಟೆಯ ಹತ್ತಿರ, ಶಾಲೆಯ ಆಟದ ಬಯಲಲ್ಲಿ. ಒಮ್ಮೆ ಅರಭಾವಿಯಲ್ಲಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ನಡುವೆ ನಿಂತುಕೊಂಡೇ ಸಭೆ ಮುಗಿಸಿದರು. ಬಸ್ಸು ತಡವಾಗಿ ಬಂದದ್ದಕ್ಕೆ ಉಪಕಾರ ಸ್ಮರಿಸಿದ ಸಭೆ ಬಹುಶಃ ಅದೊಂದೇ.

ನಮ್ಮ ಸಮಿತಿಯಲ್ಲಿ ಒಬ್ಬ ಕಿರಾಣಿ ಅಂಗಡಿಯ ಕಾಕಾ ಇದ್ದರು. ಒಳ್ಳೆಯ ಮನುಷ್ಯ, ತಕ್ಕಡಿಯ ಮನುಷ್ಯ. ಏನೇ ಕೊಡುವುದಿದ್ದರೂ ಎಲ್ಲರಿಗೂ ಸಮ ಹಂಚಬೇಕು, ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಮಾಡಿದರೆ ನ್ಯಾಯವಲ್ಲ ಎಂಬುದು ಅವರ ವಾದ. ಹೊಲಿಗೆ ಕಲಿಯಲು ಬಂದ ಹುಡುಗಿಯರಲ್ಲಿ ಕಾಲು ಊನವಾದ ಒಬ್ಬಳಿದ್ದಳು. ಅವಳನ್ನು ದಿನವೂ ಆಟೋದಲ್ಲಿ ಕರೆತರಬೇಕು ಎಂದಾಗ ಕಾಕಾ ಕೆರಳಿದರು. ಬಾಯಾರು ಒಂದೇ ಮಾತು ಕೇಳಿದರು: “ಕಾಕಾ, ಜ್ವರ ಇದ್ದಾಕಿಗೂ ಜ್ವರ ಇಲ್ಲದಾಕಿಗೂ ಒಂದೊಂದು ಗುಳಿಗಿ ಹಂಚಿದ್ರ ಅದು ದವಾಖಾನಿ ಆಗತೈತೇನ್ರಿ?” ಕಾಕಾ ಆಟೋಕ್ಕೆ ಒಪ್ಪಿದರು. ಮುಂದೆ ಅವರೇ ಆ ಮಾತನ್ನು ತಮ್ಮದೇ ಎಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದರು. ಬಾಯಾರು ಅದಕ್ಕೂ ಖುಷಿಪಟ್ಟರು.

ಹೊಗಳಿದ್ದು ಹೆಚ್ಚಾಯಿತು ಅನ್ನುತ್ತೀರಿ. ಆಗಲಿ. ಜೀವಮಾನದಲ್ಲಿ ಮನಸಾರೆ ಹೊಗಳಲು ಸಿಗುವವರು ಎಷ್ಟು ಜನ? ಇನ್ನು ನನ್ನನ್ನು ಬೈಯುವ ಭಾಗಕ್ಕೆ ಬರುತ್ತೇನೆ.

ಶಾಲೆ ಬಿಟ್ಟು ವರ್ಷಗಳಾದ ಹೆಂಗಸರನ್ನು ಹತ್ತನೆಯ ಪರೀಕ್ಷೆಗೆ ಕೂರಿಸಬೇಕು ಎಂದು ಬಾಯಾರು ಹಟ ಹಿಡಿದರು. ಹತ್ತು ಪಾಸಾದರೆ ಅಂಗನವಾಡಿಯಂಥ ಕಡೆ ಅರ್ಜಿ ಹಾಕಬಹುದು, ಮನೆಯಲ್ಲಿ ಮಾತಿಗೆ ತೂಕ ಬರುತ್ತದೆ. ಪಾಠ ಹೇಳುವವನು ನಾನು, ಕನ್ನಡ ಮತ್ತು ಗಣಿತ. ಕಲ್ಲೋಳಿಯಲ್ಲಿ ಕ್ಲಾಸು ಶುರುವಾಯಿತು. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಬಂದರು. ಊರ ಹೊರಗಿನ ತೋಟದ ಮನೆಗಳಿಂದ ಕಸ್ತೂರಿ ಎನ್ನುವವಳು ಮಾತ್ರ ಹೆಸರು ಕೊಟ್ಟೂ ಬರಲಿಲ್ಲ. ಬಾರದವರ ಪುಸ್ತಕದಲ್ಲಿ ಮೂರು ವಾರ ಅವಳ ಹೆಸರು ಬಂತು. ಮೂರು ಸಲವೂ ಮೂರನೆಯ ಅಂಕಣದಲ್ಲಿ ನಾನು, ‘ಬರಲು ಮನಸ್ಸಿಲ್ಲ’ ಎಂದು ದುಂಡಗೆ ಬರೆದೆ.

ಬಾಯಾರು ಅದರ ಮೇಲೆ ಬೆರಳಿಟ್ಟರು. “ಮನಸ್ಸಿಲ್ಲ ಅಂತ ಆಕಿ ಹೇಳಿದಳೇನ್ರಿ?”

ಇಲ್ಲ, ನಾನೇ ತಿಳಿದುಕೊಂಡೆ ಎಂದೆ. ಅವರು ಕೊಡೆ ತೆಗೆದುಕೊಂಡು ಎದ್ದರು. ಕಾಲುವೆಯ ಬದಿಯ ದಾರಿಯಲ್ಲಿ ಅವರು ಮುಂದೆ, ನಾನು ಹಿಂದೆ.

ಕಸ್ತೂರಿಗೆ ಮೂವತ್ತು ದಾಟಿರಬೇಕು. ಎಮ್ಮೆಗೆ ಮೇವು ಹಾಕುತ್ತಿದ್ದಳು. ಬಾಯಾರನ್ನು ಕಂಡು ಕೈ ಒರೆಸಿಕೊಂಡು ಬಂದು, ಕಟ್ಟೆಯ ಮೇಲೆ ಚಾಪೆ ಹಾಸಿ, ನೀರು ಕೊಟ್ಟಳು. ನನ್ನನ್ನು ನೋಡಿಯೂ ನೋಡದ ಹಾಗೆ ಇದ್ದಳು. ಯಾಕೆ ಬರುತ್ತಿಲ್ಲವ್ವ ಎಂದು ಬಾಯಾರು ಕೇಳಿದ್ದಕ್ಕೆ, ನನ್ನ ಕಡೆ ಕಣ್ಣು ಕೂಡ ತಿರುಗಿಸದೆ ಹೇಳಿದಳು: “ನನಗ ಕಲಿಯೂದೈತ್ರಿ, ಬಾಯಾರ. ಆದ್ರ ಈ ಸರ್ ಕಲಸೂದಿದ್ರ ನಾ ಬರಂಗಿಲ್ರಿ.”

ನಾನು ಅವಳನ್ನು ಗುರುತಿಸಿರಲಿಲ್ಲ. ಅವಳು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ಅದರಿಂದ ತನ್ನ ಶಾಲೆಯ ದಾಖಲೆ ತೆಗೆದು ಬಾಯಾರ ಕೈಗೆ ಕೊಟ್ಟಳು. ಬಾಯಾರು ಓದಿ ನನ್ನ ಕೈಗೆ ದಾಟಿಸಿದರು. ಏಳನೆಯ ಇಯತ್ತೆ. ಶಾಲೆ ಬಿಟ್ಟ ಕಾರಣ: ‘ಸತತ ಗೈರುಹಾಜರಿಯ ಪ್ರಯುಕ್ತ ಹೆಸರು ಕಡಿಮೆ ಮಾಡಲಾಗಿದೆ.’ ಕೆಳಗೆ ನನ್ನ ಸಹಿ. ಅಕ್ಷರವೂ ನನ್ನದೇ, ತಲೆಕಟ್ಟು ಕೊಂಬು ದೀರ್ಘ ಎಲ್ಲ ಅದರದರ ಜಾಗದಲ್ಲಿ. ಎಷ್ಟು ಚೆಂದ ಬರೆದಿದ್ದೆ.

ಆ ವರ್ಷ ಅವಳ ಅವ್ವ ಬಾಣಂತನದಲ್ಲಿ ಹಾಸಿಗೆ ಹಿಡಿದಿದ್ದಳಂತೆ. ಮನೆಯ ಕೆಲಸ, ಕೂಸು, ದನ ಎಲ್ಲ ಇವಳ ಮೇಲೆ. ಎರಡು ತಿಂಗಳು ಬರಲಿಲ್ಲ. ಅವ್ವ ಎದ್ದು ಕೂತ ಮಾರನೆಯ ದಿನವೇ ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಅಷ್ಟರಲ್ಲಿ ನಾನು ಹೆಸರು ಹೊಡೆದು ಹಾಕಿದ್ದೆ. ನಿಯಮ ಹಾಗೆಯೇ ಇತ್ತು ಎಂದು ನಿಮ್ಮ ಮುಂದೆ ವಾದಿಸಬಲ್ಲೆ, ಆದರೆ ಖರೆ ಸಂಗತಿ ಬೇರೆ. ಮುಂದಿನ ವಾರ ತಪಾಸಣೆ ಇತ್ತು. ಬಾರದ ಮಕ್ಕಳ ಹೆಸರು ತೆಗೆದರೆ ಪುಸ್ತಕದಲ್ಲಿ ಗೀಟುಗಳು ಕಡಿಮೆಯಾಗಿ ಹಾಜರಿ ತುಂಬಿದಂತೆ ಕಾಣುತ್ತದೆ. ಸಾಹೇಬರು ‘ಮುತ್ತು ಪೋಣಿಸಿದಂತಿವೆ’ ಎಂದು ಷರಾ ಬರೆದದ್ದು ಆ ಪುಸ್ತಕದ ಮೇಲೆಯೇ.

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ನಿನ್ನ ಹೆಸರೇ ಇಲ್ಲ ಅಂದ್ರಿ, ಸರ್. ನಾ ನಿಮ್ಮ ಮುಂದೇ ನಿಂತಿದ್ದೆ.”

ದಾಖಲೆಯನ್ನು ಅವಳ ಕೈಗೆ ತಿರುಗಿ ಕೊಟ್ಟು ಕಟ್ಟೆ ಇಳಿದೆ. ತಿರುಗಿ ಬರುವಾಗ ಬಾಯಾರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಸ್ ನಿಲ್ದಾಣದಲ್ಲಿ ಶೇಂಗಾ ಕೊಂಡು ಅರ್ಧ ನನ್ನ ಅಂಗೈಗೆ ಸುರಿದರು. ಅದನ್ನು ಹಾಗೆಯೇ ಜೇಬಿಗೆ ಹಾಕಿಕೊಂಡೆ.

ಮುಂದೆ ನಾನು ಮಾಡಿದ್ದು ಕೇಳಿದರೆ ನಿಮಗೆ ನಗು ಬರುತ್ತದೆ. ಮನೆ ಹಿಡಿದು ಕೂತೆ. ಸಭೆಗೆ ಹೋಗಲಿಲ್ಲ, ಕ್ಲಾಸಿಗೆ ಹೋಗಲಿಲ್ಲ. ಬಿಪಿ ಹೆಚ್ಚಾಗಿದೆ ಎಂದು ಹೇಳಿ ಕಳಿಸಿದೆ. ಹೆಂಡತಿ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋಗಿ ಅಳೆಸಿದಳು. ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. “ಬಿಪಿ ಮಾಪಿನಾಗೈತಿ, ಮತ್ತ ಮಾರಿ ಯಾಕ ಇಳಬಿದ್ದೈತ್ರಿ?” ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ನಾಚಿಕೆಯಾಗಿತ್ತು, ಅದೇ ನಿಜ. ಜೊತೆಗೆ ಒಂದಿಷ್ಟು ಸಿಟ್ಟೂ ಇತ್ತು, ಆ ಹೆಣ್ಣುಮಗಳು ಬಾಯಾರ ಮುಂದೆಯೇ ಹೇಳಬೇಕಿತ್ತೇ ಎಂದು. ತನ್ನ ತಪ್ಪು ಬಯಲಾದಾಗ ಮನುಷ್ಯ ಮೊದಲು ಸಿಟ್ಟಾಗುವುದು ಬಯಲು ಮಾಡಿದವರ ಮೇಲೆ.

ಮೂರನೆಯ ಸಭೆ ತಪ್ಪಿಸಿದ ಮಾರನೆಯ ಬೆಳಿಗ್ಗೆ ಹೆಂಡತಿ ಅಂಗಳ ಗುಡಿಸುತ್ತಿದ್ದಳು. ಬಾಯಾರು ಕೊಡೆ ಹಿಡಿದು ಬಂದರು. ನಾನು ಕಿಟಕಿಯ ಪರದೆಯ ಹಿಂದೆ ನಿಂತೆ. ಅವರು ಚೀಲದಿಂದ ಹುರಮಂಜಿನ ಹೆಂಟೆ ತೆಗೆದು, ತಲಬಾಗಿಲ ಬಲಕ್ಕೆ ಸಾವಕಾಶವಾಗಿ ಒಂದು ಇಂಟು ಎಳೆದರು. ಒಳಗೆ ಬರ್ರಿ, ಚಹಾ ಕುಡಿದು ಹೋಗಿರಂತೆ ಎಂದು ಹೆಂಡತಿ ಕರೆದಳು. ಬಸ್ಸಿನ ಹೊತ್ತಾಯಿತು ಎಂದರು. ಹೋಗುವಾಗ ಕಿಟಕಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು: “ಮಾಸ್ತರ್ರಿಗೆ ಹೇಳ್ರಿ, ಇದು ಇಂಟು ಮನಿ. ನಾ ಮತ್ತ ಬರತೇನಿ.”

ಮತ್ತೆ ಬರುವ ತೊಂದರೆ ನಾನು ಕೊಡಲಿಲ್ಲ. ಅವತ್ತೇ ಮಧ್ಯಾಹ್ನ ಗೊಬ್ಬರದ ಅಂಗಡಿಯ ಹಿಂದೆ ಹೋಗಿ ನಿಂತೆ. ಕಸ್ತೂರಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಕೈ ಮುಗಿದು ಬರುತ್ತೇನೆ ಎಂದೆ. ಬಾಯಾರು ತಲೆ ಅಲ್ಲಾಡಿಸಿದರು.

“ತಪ್ಪಾತು ಅಂದ್ರ ನಿಮ್ಮ ಮನಸ್ಸು ಹಗುರ ಆಗತೈತ್ರಿ, ಮಾಸ್ತರ್ರ. ಆಕಿಗೇನ ಬಂತು? ಯಾವಾಗ ಬರಾಕ ಆಗತೈತಿ, ಎಲ್ಲಿಗೆ ಬರಾಕ ಆಗತೈತಿ, ಅದನ್ನ ಕೇಳಿ ಬರ್ರಿ.”

ಕಾಲುವೆಯ ದಾರಿಯಲ್ಲಿ ಈ ಸಲ ಒಬ್ಬನೇ ಹೋದೆ. ನನ್ನ ಮೊದಲ ತಪಾಸಣೆಯಲ್ಲೂ ಅಷ್ಟು ಹೆದರಿರಲಿಲ್ಲ. ಬಾಯಾರು ಹೇಳಿಕೊಟ್ಟ ಎರಡು ಪ್ರಶ್ನೆಗಳನ್ನು ಕೇಳಿದೆ. ಕಸ್ತೂರಿ ನಿಂತುಕೊಂಡೇ ಹಗ್ಗ ಹೊಸೆಯುತ್ತಿದ್ದಳು. ನಾನೂ ನಿಂತೇ ಇದ್ದೆ, ಕೂತುಕೊಳ್ರಿ ಎಂದು ಅವಳು ಅನ್ನಲಿಲ್ಲ. ಕೊನೆಗೆ, ಮುಂಜಾನೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು ತಾಸು ಬಿಡುವಿರುತ್ತದೆ, ಕಲ್ಲೋಳಿಗೆ ಬಂದು ಹೋಗುವುದರಲ್ಲೇ ಅದು ಮುಗಿಯುತ್ತದೆ, ಇಲ್ಲೇ ತೋಟದಲ್ಲಾದರೆ ನೋಡಬಹುದು ಎಂದಳು. ನೋಡಬಹುದು ಎಂದಳೇ ಹೊರತು ಬರುತ್ತೇನೆ ಎನ್ನಲಿಲ್ಲ.

ಸೋಮವಾರ ಮುಂಜಾನೆ ನಾನು ಹೋದಾಗ ಅವಳ ದನದ ಕೊಟ್ಟಿಗೆಯ ಮುಂದೆ ಒಂಬತ್ತು ಜನ ಹೆಂಗಸರು ಕೂತಿದ್ದರು. ಎಲ್ಲರೂ ಬಾರದವರ ಪುಸ್ತಕದವರು. ಅವರ ಹೆಸರಿನ ಮುಂದೆಯೂ ನಾನು ಒಂದೊಂದು ಕಾರಣ ಬರೆದಿದ್ದೆ; ಅವು ಎಷ್ಟು ಖರೆಯೋ ಶಿವನಿಗೇ ಗೊತ್ತು. ಹಾಜರಿ ಕರೆದೆ. ಉಳಿದವರೆಲ್ಲ ಓ ಎಂದರು. ಕಸ್ತೂರಿ ಮಾತ್ರ ಎದುರಿಗೇ ಕೂತು ಸುಮ್ಮನಿದ್ದಳು. ನಾನು ಅವಳ ಮುಖ ನೋಡಿ, ಹಾಜರಿ ಹಾಕಿ, ಮುಂದಿನ ಹೆಸರಿಗೆ ಹೋದೆ. ದಿನವೂ ಹೀಗೆಯೇ ನಡೆಯಿತು. ಒಂದು ತಿಂಗಳಾಗಿರಬೇಕು. ಒಂದು ಮುಂಜಾನೆ ಹೆಸರು ಕರೆದಾಗ, ಎಮ್ಮೆಯ ಕಡೆ ನೋಡುತ್ತಲೇ ಅವಳು, “ಅದೇನ್ರಿ, ಸರ್” ಎಂದಳು, ಇದ್ದೇನೆ ಎಂದು. ಆ ದಿನದ ಹಾಜರಿಯಲ್ಲಿ ಅವಳ ಹೆಸರಿನ ಮುಂದಿನ ಗುರುತು ಸೊಟ್ಟಗಿದೆ, ಬೇಕಾದರೆ ಪುಸ್ತಕ ತೋರಿಸುತ್ತೇನೆ.

ಮೊದಲ ಸಲ ಅವಳು ಗಣಿತದಲ್ಲಿ ಹೋದಳು. ಗಣಿತ ಕಲಿಸಿದವನು ನಾನು, ಹಾಗಾಗಿ ನಪಾಸಾದವರು ಇಬ್ಬರು. ಎರಡನೆಯ ಸಲ ಇಬ್ಬರೂ ಪಾಸಾದೆವು. ಈಗ ಅವಳು ತೋಟದ ಅಂಗನವಾಡಿಯಲ್ಲಿ ಸಹಾಯಕಿ, ನಮ್ಮ ಸಮಿತಿಯ ಸದಸ್ಯೆ ಕೂಡ. ಬಾರದವರ ಪುಸ್ತಕವನ್ನು ಹೆಚ್ಚಾಗಿ ಅವಳೇ ಬರೆಯುತ್ತಾಳೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಆದರೆ ಕೇಳದೆ ಒಂದು ಕಾರಣವನ್ನೂ ಬರೆಯುವುದಿಲ್ಲ. ನಾನು ಬಾಯಾರನ್ನು ಆಗಾಗ ಕೇಳುತ್ತಿದ್ದೆ, ನನ್ನ ಗೋಡೆಯ ಇಂಟು ‘ಪಿ’ ಆಗುವುದು ಯಾವಾಗ ಎಂದು. ಇನ್ನೂ ಆಗಿಲ್ಲರಿ ಎಂದು ನಗುತ್ತಿದ್ದರು. ಚೇಷ್ಟೆ ಮಾಡುತ್ತಾರೆ ಎಂದುಕೊಂಡು ನಾನೂ ನಗುತ್ತಿದ್ದೆ.

ಇಲ್ಲಿಗೆ ಕಥೆ ಮುಗಿಯಿತು ಎಂದು ರಾಜೇಸಾಬನ ಕೈಯಿಂದ ಚಹಾದ ಕಪ್ಪು-ಬಸಿ ತೆಗೆದು ಇಟ್ಟೆ. ಅವನಿಗೂ ಖುಷಿಯಾಗಿತ್ತು. ತನ್ನ ಮಕ್ಕಳಿಗೆ ಹನಿ ಹಾಕಿದವರೂ ಅದೇ ಬಾಯಾರಂತೆ. ಏಳುತ್ತ ಕೇಳಿದ, ಬಾಯಾರು ಈಗಲೂ ಸಭೆಗೆ ಬರುತ್ತಾರೇನು ಎಂದು. ಇಲ್ಲಪ್ಪ, ಅಧ್ಯಕ್ಷತೆ ಬಿಟ್ಟು ಎರಡು ವರ್ಷವಾಯಿತು, ಹುಕ್ಕೇರಿಯಲ್ಲಿ ಮನೆಯಲ್ಲೇ ಇರುತ್ತಾರೆ, ವಯಸ್ಸಾಗಿದೆ ಎಂದೆ.

“ಹೌದೇನ್ರಿ? ಹಂಗಂತ ಅವರೇ ಹೇಳಿದ್ರೇನ್ರಿ?”

ಪಾಪ, ಅವನು ಮಾತಿಗೆ ಮಾತು ಕೇಳಿದ್ದು. ನಾನು ಕೂತಲ್ಲೇ ಕೂತೆ. ಕಳೆದ ವರ್ಷ ಪುಣ್ಯಾತ್ಮರೊಬ್ಬರು ನಮಗೆ ಒಂದು ಹಾಲ್ ಮಾಡಿಕೊಟ್ಟರು. ಅದೇ ಅಂಗಡಿಯ ಮೇಲೆ, ಎರಡನೆಯ ಮಜಲಿನಲ್ಲಿ. ಫ್ಯಾನು, ಮೈಕು, ಪ್ಲಾಸ್ಟಿಕ್ ಕುರ್ಚಿ. ಗೊಬ್ಬರದ ಚೀಲದಿಂದ ಎದ್ದ ಸಂಭ್ರಮ ನಮಗೆ. ಬಾಯಾರು ಅಲ್ಲಿಗೆ ಎರಡು ಸಭೆಗೆ ಬಂದರು, ಮೂರನೆಯದಕ್ಕೆ ಬರಲಿಲ್ಲ. ಬಾರದವರ ಪುಸ್ತಕ ಆ ದಿನ ನನ್ನ ಕೈಯಲ್ಲಿತ್ತು. ಅವರ ಹೆಸರು ಬರೆದು, ಮೂರನೆಯ ಅಂಕಣದಲ್ಲಿ, ‘ವಯಸ್ಸಾಗಿದೆ’ ಎಂದು ದುಂಡಗೆ ಬರೆದವನು ನಾನೇ. ಆಮೇಲೆ ಪ್ರತಿ ತಿಂಗಳೂ, ‘ಕಾರಣ ಗೊತ್ತಿರುವುದೇ’ ಎಂದು.

ಅಂಗಿ ತೊಟ್ಟು ಹುಕ್ಕೇರಿ ಬಸ್ಸು ಹಿಡಿದೆ. ಘಟಪ್ರಭಾ ದಾಟುವವರೆಗೂ ಹೊರಗೆ ಏನಿತ್ತೋ ನೋಡಲಿಲ್ಲ.

ಬಾಯಾರು ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮೂಲೆಯಲ್ಲಿ ಅದೇ ಕೊಡೆ. ಎದ್ದು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗಿ ಚಹಾ ಮಾಡಿ ತಂದರು. ಯಾರ ಬೆನ್ನಿಗೆ ನಾನು ಅರ್ಧ ಮಾತು ಹೇಳುತ್ತ ಓಡುತ್ತಿದ್ದೆನೋ ಅವರು. ಸಭೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಬಸ್ಸಿನಲ್ಲಿ ಕೂತು ಗೋಕಾಕಕ್ಕೆ ಬರಲು ಏನೂ ತೊಂದರೆಯಿಲ್ಲ, ಆ ಮೆಟ್ಟಿಲು ಹತ್ತಲು ಮೊಣಕಾಲು ಕೇಳುವುದಿಲ್ಲ ಎಂದರು. ಒಂದು ಮಾತು ಹೇಳಬಾರದಾಗಿತ್ತೇ ಎಂದೆ.

“ಹಾಲ್ ಆತಂತ ಎಲ್ಲಾರೂ ಖುಷಿಲೆ ಇದ್ರಿ. ನಾ ಹೆಂಗ ಹೇಳ್ಲಿ? ಯಾರರ ಕೇಳಾಕ ಬರತಾರಂತ ಕುಂತಿದ್ದೆ.”

ಊರೂರಿಗೆ, ಓಣಿ ಓಣಿಗೆ ಸಭೆಯನ್ನು ಎತ್ತಿ ಇಟ್ಟವರು. ಅವರ ಸಲುವಾಗಿ ಸಭೆಯನ್ನು ಎರಡು ಮಜಲು ಕೆಳಗೆ ಇಳಿಸಬೇಕೆಂದು ಅವರ ಕೈಯಲ್ಲೇ ಕಲಿತ ನಮಗೆ ಹೊಳೆಯಲಿಲ್ಲ. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ತಮಾಷೆಯ ಮಾತು ತೆಗೆದೆ. ಬಣ್ಣದವನು ಬಂದಿದ್ದಾನೆ, ಇನ್ನಾದರೂ ಆ ಇಂಟು ಅಳಿಸಿ ‘ಪಿ’ ಬರೆಯಲು ಅಪ್ಪಣೆಯೇ ಎಂದೆ. ಅವರು ಬೆಳ್ಳುಳ್ಳಿಯ ಮೊರ ಕೆಳಗಿಟ್ಟು, ಎಂದಿನಂತೆ ನಗುತ್ತಲೇ ಹೇಳಿದರು:

“ಒಳಗ ಹೋಗದೇ ‘ಪಿ’ ಬರಿಯಾಂಗಿಲ್ರಿ, ಮಾಸ್ತರ್ರ. ನಿಮ್ಮ ಮನಿ ಒಳಗ ನಾ ಇನ್ನೂ ಬಂದಿಲ್ಲ.”

ನಾನು ಲೆಕ್ಕ ಹಾಕಿದೆ. ಅವರ ಮನೆಯ ಚಹಾ ಎಷ್ಟು ಸಲ ಕುಡಿದಿದ್ದೇನೋ ನೆನಪಿಲ್ಲ. ನನ್ನ ಮನೆಗೆ ಬನ್ನಿ ಎಂದು ನನ್ನ ಬಾಯಿಂದ ಒಮ್ಮೆಯೂ ಕರೆದಿಲ್ಲ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಶರಣರ ಪಟವಿದೆ, ವರ್ಷಕ್ಕೊಮ್ಮೆ ಜಯಂತಿಯಲ್ಲಿ ಸಮಾನತೆಯ ಮೇಲೆ ನನ್ನ ಭಾಷಣವೂ ಇರುತ್ತದೆ. ಅವರ ಓಣಿ ಯಾವುದು, ನಮ್ಮ ಓಣಿ ಯಾವುದು ಎಂದು ನಾನು ಎಂದೂ ಯೋಚಿಸಿದವನಲ್ಲ. ಯೋಚಿಸದೆಯೇ ಪಾಲಿಸಿಕೊಂಡು ಬಂದಿದ್ದೆ. ಪ್ರಸಂಗ ಬರಲಿಲ್ಲ ಎಂದು ಕಾರಣ ಹೇಳಬಹುದು. ಅಂಥ ಕಾರಣಗಳನ್ನು ಆ ದಪ್ಪ ಪುಸ್ತಕದಲ್ಲಿ ನಾನು ಸಾಕಷ್ಟು ಬರೆದಿದ್ದೇನೆ.

ಅಲ್ಲಿಂದಲೇ ಕಸ್ತೂರಿಗೆ ಫೋನು ಹಚ್ಚಿ, ರವಿವಾರದ ಸಭೆ ನಮ್ಮ ಮನೆಯ ಪಡಸಾಲೆಯಲ್ಲಿ, ಮೆಟ್ಟಿಲಿಲ್ಲ, ಹೊಸ್ತಿಲು ಒಂದೇ ಎಂದೆ. ಬಾಯಾರಿಗೆ ಕೇಳಿದಿರೇನು ಸರ್ ಎಂದಳು. ಕೇಳಿದೆ ಎಂದೆ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು. “ನಾ ಅವತ್ತ ಕರದಿದ್ದೆ. ನೀವು ಪರದೆ ಹಿಂದ ಇದ್ರಿ” ಎಂದಳು, ಅಷ್ಟೇ. ಆಮೇಲೆ ರವಿವಾರಕ್ಕೆ ಎಷ್ಟು ಜನ, ಹೋಳಿಗೆ ಮಾಡಲೋ ಮಾದಲಿ ಮಾಡಲೋ ಎಂಬ ಚಿಂತೆಗೆ ಬಿದ್ದಳು.

ರಾಜೇಸಾಬ ಮುಂದಿನ ಗೋಡೆ ಮುಗಿಸಿ ಹೋಗಿದ್ದಾನೆ. ಅಂಗೈಯಗಲ ಜಾಗ ಹಾಗೆಯೇ ಇದೆ, ಹೊಸ ಬಣ್ಣದ ನಡುವೆ ಮೊದಲಿಗಿಂತ ಕೆಂಪಾಗಿ ಕಾಣುತ್ತದೆ. ರವಿವಾರ ಬಾಯಾರು ಒಳಗೆ ಬಂದು, ಕೂತು, ಚಹಾ ಕುಡಿದು ಹೊರಗೆ ಹೋಗುವಾಗ ಬೇಕಾಗಬಹುದು ಎಂದು ಹುರಮಂಜಿನ ಒಂದು ಹೆಂಟೆಯನ್ನು ಕಿಟಕಿಯಲ್ಲಿ ತಂದಿಟ್ಟಿದ್ದೇನೆ. ಬರೆಯುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.